ಶನಿಯ ಪಕ್ಕದಲ್ಲಿ ಐಯಾಪೆಟಸ್ ಹುಡುಕುವುದು ಹೇಗೆ?

ಟೆಲಿಸ್ಕೋಪ್ ಇರುವವರು ಶನಿಯ ಉಂಗುರ ನೋಡುತ್ತಾರೆ, ಅದರ ಅತಿ ದೊಡ್ಡ ಉಪಗ್ರಹ ಟೈಟನ್ ಗುರುತಿಸುತ್ತಾರೆ, ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನನ್ನ ಮಾತು ಕೇಳಿ, ಇನ್ನೊಂದು ಹೆಜ್ಜೆ ಮುಂದೆ ಹೋಗಿ ಐಯಾಪೆಟಸ್ ಎಂಬ ಉಪಗ್ರಹವನ್ನೂ ನೋಡಿ. ಅಡ್ಡಳತೆ ಸುಮಾರು 1,470 ಕಿ.ಮೀ., ನಮ್ಮ ಚಂದ್ರನ ಅರ್ಧಕ್ಕಿಂತ ಕಡಿಮೆ. ನನಗಂತೂ ಶನಿಯ ಉಪಗ್ರಹಗಳಲ್ಲಿ ಇದೇ ಅಚ್ಚುಮೆಚ್ಚು.

ಮೊದಲು ದಿನ ನೋಡಿಕೊಳ್ಳಿ. ಇದು ಶನಿಯನ್ನು ಒಂದು ಸುತ್ತು ಹಾಕಲು 79 ದಿನ ಬೇಕು. ಇದರ ಒಂದು ಮುಖ ಇದ್ದಿಲಿನಷ್ಟು ಕಪ್ಪು, ಇನ್ನೊಂದು ಬೆಳ್ಳಗಿನ ಮಂಜುಗಡ್ಡೆ. ಚಲಿಸುವಾಗ ಯಾವಾಗಲೂ ಕಪ್ಪು ಮುಖವೇ ಮುಂದೆ. ಫೀಬಿ ಎಂಬ ಹೊರಗಿನ ಉಪಗ್ರಹದಿಂದ ಎದ್ದ ಧೂಳು ಆ ಮುಖಕ್ಕೆ ಬಂದು ಬಡಿಯುತ್ತದೆ. ಶನಿಯ ಪಶ್ಚಿಮಕ್ಕಿದ್ದಾಗ ಇದು ನಮ್ಮಿಂದ ದೂರ ಸರಿಯುತ್ತಿರುತ್ತದೆ, ಹಾಗಾಗಿ ನಮಗೆ ಹಿಂದಿನ ಬಿಳಿ ಮುಖ ಕಾಣುತ್ತದೆ, ಪೂರ್ವಕ್ಕೆ ಬಂದಾಗ ಕಪ್ಪು ಮುಖ. ಪಶ್ಚಿಮದಲ್ಲಿ ಇದರ ಮ್ಯಾಗ್ನಿಟ್ಯೂಡ್, ಅಂದರೆ ಹೊಳಪಿನ ಅಳತೆ, 10ರ ಆಸುಪಾಸು, ಪೂರ್ವದಲ್ಲಿ ಹೆಚ್ಚುಕಡಿಮೆ 12. ಸಂಖ್ಯೆ ಏರಿದಷ್ಟೂ ಮಂಕು. ಅದಕ್ಕೇ ಪಶ್ಚಿಮದಿಂದಲೇ ಶುರು ಮಾಡಿ. ಸ್ಟೆಲೇರಿಯಂ ಎಂಬ ಆಕಾಶ ತೋರಿಸುವ ತಂತ್ರಾಂಶದಲ್ಲಿ ಹುಡುಕಿದರೆ ಅದು ಯಾವ ದಿನ ಎಲ್ಲಿರುತ್ತದೆ ಅಂತ ಸಿಗುತ್ತದೆ.

ನಮ್ಮ ಹಿರಿಯೂರಿನ ಕಡೆ ಮಳೆ ಹಿಂದೆ ಸರಿದ ಮೇಲೆ, ನವೆಂಬರ್ ಹೊತ್ತಿಗೆ, ಆಕಾಶ ಚೆನ್ನಾಗಿರುತ್ತದೆ. 2026ರಲ್ಲಿ ಶನಿ ಅಕ್ಟೋಬರ್ ಮೊದಲ ವಾರ ಸೂರ್ಯನಿಗೆ ಎದುರಾಗಿ ಬರುವುದರಿಂದ ನವೆಂಬರ್‌ನಲ್ಲಿ ಸಂಜೆಯೇ ಮೇಲೇರಿರುತ್ತದೆ. 6 ಇಂಚಿನ ಡಾಬ್ಸೋನಿಯನ್ (ಸರಳ ಪೀಠದ ಮೇಲೆ ಕೂರುವ ಕನ್ನಡಿ ಟೆಲಿಸ್ಕೋಪ್) ಸಾಕು. ಬೀದಿ ದೀಪ ನೇರವಾಗಿ ಕಣ್ಣಿಗೆ ಬೀಳದ ತಾರಸಿ ಮೂಲೆ ಹಿಡಿಯಿರಿ.

ಶನಿಯನ್ನು ಐಪೀಸಿನ (ಕಣ್ಣಿಟ್ಟು ನೋಡುವ ಮಸೂರದ) ನಡುವೆ ತಂದು ಟೆಲಿಸ್ಕೋಪ್‌ನಿಂದ ಕೈ ತೆಗೆಯಿರಿ. ಶನಿ ನಿಧಾನವಾಗಿ ಜಾರುತ್ತದಲ್ವಾ, ಅದು ಜಾರುವ ದಿಕ್ಕೇ ಪಶ್ಚಿಮ. ಕನ್ನಡಿ ಬಿಂಬ ತಿರುಗಿಸಿ ತೋರಿಸಿದರೂ ಈ ಗುರುತು ತಪ್ಪುವುದಿಲ್ಲ. ಈಗ ಆ ಕಡೆ ನೋಡಿ. ಶನಿಗೆ ಅಂಟಿಕೊಂಡಂತೆ ಹುಡುಕಬೇಡಿ. ಪಶ್ಚಿಮದ ತುದಿಯಲ್ಲಿದ್ದಾಗ ಇದು ಉಂಗುರದ ಅಗಲದ 12–13 ಪಟ್ಟು ದೂರ ಇರುತ್ತದೆ. ಹೊಸಬರ ಕಣ್ಣು ಅಷ್ಟು ದೂರ ಹೋಗುವುದೇ ಇಲ್ಲ. ಶನಿಯ ಬೆಳಕು ಅಡ್ಡಿಯಾದರೆ ಅದನ್ನು ನೋಟದ ಅಂಚಿನಿಂದ ಸ್ವಲ್ಪ ಹೊರಗೆ ತಳ್ಳಿ.

ಅಲ್ಲಿ ಕಂಡ ಚುಕ್ಕಿ ನಕ್ಷತ್ರವೂ ಆಗಿರಬಹುದು. ಕಂಡ ಚುಕ್ಕಿಗಳನ್ನೆಲ್ಲ ಪೆನ್ಸಿಲಿನಲ್ಲಿ ಹಾಳೆಗೆ ಇಳಿಸಿ. ಎರಡು ದಿನ ಬಿಟ್ಟು ಮತ್ತೆ ಬರೆಯಿರಿ. ನಕ್ಷತ್ರಗಳು ಇದ್ದಲ್ಲೇ ಇರುತ್ತವೆ, ಶನಿಯ ಜೊತೆ ಸರಿದ ಚುಕ್ಕಿಯೇ ಐಯಾಪೆಟಸ್. ಹಾಳೆ ಎಸೆಯಬೇಡಿ.

ಖಗೋಳಶಾಸ್ತ್ರಜ್ಞ ಜೊವಾನಿ ಕ್ಯಾಸಿನಿ 1671ರಲ್ಲಿ ಇದನ್ನು ಕಂಡುಹಿಡಿದದ್ದೂ ಪಶ್ಚಿಮದಲ್ಲೇ. ಪೂರ್ವದಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಒಂದು ಮುಖ ಕಪ್ಪಾಗಿರಬೇಕು ಅಂತ ಆತ ಅಷ್ಟರಿಂದಲೇ ಊಹಿಸಿದ್ದ. ಪೂರ್ವದಲ್ಲಿ ಅದು ಅವನ ಕಣ್ಣಿಗೆ ಬಿದ್ದದ್ದು 1705ರಲ್ಲಿ, ಇನ್ನೂ ಒಳ್ಳೆಯ ಟೆಲಿಸ್ಕೋಪ್ ಸಿಕ್ಕ ಮೇಲೆ.

ಸುಮಾರು 40 ದಿನ ಕಳೆದ ಮೇಲೆ ನೀವೂ ಪೂರ್ವದ ಕಡೆ ಹುಡುಕಿ. ಇದಕ್ಕೆ 8 ಇಂಚಿನ ಕನ್ನಡಿ ಇದ್ದರೆ ವಾಸಿ, ಹುಣ್ಣಿಮೆ ಹತ್ತಿರದ ದಿನ ಬೇಡ. ಕತ್ತಲಲ್ಲಿ ಅರ್ಧ ಗಂಟೆ ಕಣ್ಣು ಒಗ್ಗಿಸಿಕೊಂಡು, ಚುಕ್ಕಿಯನ್ನು ನೇರವಾಗಿ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಡಿ.