ಬಿಪಿ ಜಾಸ್ತಿ ಅಂದ್ರಾ? ಮನೆಯಲ್ಲಿ ಏಳು ದಿನ ಅಳೆದು ನೋಡಿ

ಆಫೀಸಿನಲ್ಲಿ ಹೆಲ್ತ್ ಕ್ಯಾಂಪ್. ಸಾಲಿನಲ್ಲಿ ನಿಂತು ಹರಟುತ್ತಲೇ ಕೈ ಚಾಚಿದಿರಿ. ನರ್ಸ್ 148/94 ಎಂದು ಬರೆದುಕೊಟ್ಟರು. ನಿಮಗಿನ್ನೂ 28. ಕೆಲವರು 'ಟೆನ್ಷನ್‌ಗೆ ಬಂದಿರುತ್ತೆ ಬಿಡು' ಎಂದು ಚೀಟಿಯನ್ನು ಬ್ಯಾಗಿಗೆ ತುರುಕುತ್ತಾರೆ. ಇನ್ನು ಕೆಲವರು ಅಮ್ಮನ ಬಿಪಿ ಮಾತ್ರೆಯಲ್ಲಿ ಅರ್ಧ ಮುರಿದು ನುಂಗುತ್ತಾರೆ. ಎರಡೂ ಬೇಡ. ಒಂದು ಸಲದ ಅಂಕಿ ನೋಡಿ ಬಿಪಿ ಇದೆ ಅಂತಲೂ ಹೇಳಲಾಗದು, ಇಲ್ಲ ಅಂತಲೂ ಹೇಳಲಾಗದು. ಹಾಗೆಂದು ಸುಮ್ನೆ ಬಿಡುವಂತೆಯೂ ಇಲ್ಲ. ಸರ್ಕಾರದ ಮನೆಮನೆ ತಪಾಸಣೆ ಮುಖ್ಯವಾಗಿ 30 ದಾಟಿದವರಿಗೆ. ಅದಕ್ಕಿಂತ ಚಿಕ್ಕವರು ತಾವೇ ನೋಡಿಕೊಳ್ಳಬೇಕು.

ಮೊದಲು ಯಂತ್ರ. ಮಣಿಕಟ್ಟಿಗೆ ಕಟ್ಟುವುದು ಬೇಡ, ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರ ಇರಲಿ. ಕೊಳ್ಳುವ ಮುಂಚೆ ತೋಳಿನ ಸುತ್ತಳತೆ ನೋಡಿಕೊಳ್ಳಿ. ಸಾಮಾನ್ಯವಾಗಿ ಜೊತೆಗೆ ಬರುವ ಪಟ್ಟಿ 22ರಿಂದ 32 ಸೆಂ.ಮೀ. ತೋಳಿಗೆ ಸರಿ. ಜಿಮ್ಮಿನಲ್ಲಿ ತೋಳು ಬೆಳೆಸಿದವರು, ದಪ್ಪ ಇರುವವರು ದೊಡ್ಡ ಪಟ್ಟಿಯನ್ನೇ ಕೇಳಬೇಕು. ಪಟ್ಟಿ ಚಿಕ್ಕದಾದರೆ ಇಲ್ಲದ ಬಿಪಿಯೂ ಕಾಣುತ್ತದೆ.

ಇನ್ನು ಕೂರುವುದು. ತಪ್ಪಾಗುವುದೆಲ್ಲ ಇಲ್ಲೇ. ಅಳೆಯುವ ಅರ್ಧ ಗಂಟೆ ಮುಂಚೆ ಕಾಫಿ, ಸಿಗರೇಟು, ವ್ಯಾಯಾಮ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ತಡೆದುಕೊಂಡು ಕೂತರೆ ಅದಕ್ಕೂ ಬಿಪಿ ಏರುತ್ತದೆ. ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ ಪಾದ ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಕೂರಿ. ಈ ಐದು ನಿಮಿಷದಲ್ಲಿ ಫೋನ್ ನೋಡುವುದು ನನಗೂ ಚಟ. ಅದನ್ನು ಪಕ್ಕದ ಕೋಣೆಯಲ್ಲೇ ಬಿಟ್ಟು ಬರುವುದು ಒಳ್ಳೆಯದು. ಅಂಗಿಯ ತೋಳಿನ ಮೇಲೆ ಕಟ್ಟಬೇಡಿ, ಬರಿತೋಳಿಗೆ ಕಟ್ಟಿ. ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲಿರಲಿ. ಕೈಯನ್ನು ಮೇಜಿನ ಮೇಲೆ, ಎದೆಯ ಮಟ್ಟಕ್ಕೆ ಇಡಿ. ಕೈ ಕೆಳಗೆ ಜೋತುಬಿದ್ದಿದ್ದರೆ ಹತ್ತು ಅಂಕಿ ಹಾಗೇ ಏರಬಹುದು. ಯಂತ್ರ ಗುಂಯ್ ಎನ್ನುವಾಗ ಮಾತಾಡಬೇಡಿ.

ಮೊದಲ ದಿನ ಎರಡೂ ತೋಳಿಗೆ ನೋಡಿ. ಜಾಸ್ತಿ ಬಂದ ತೋಳಿನಲ್ಲೇ ಮುಂದೆಯೂ ಅಳೆಯಿರಿ. ಬೆಳಿಗ್ಗೆ ತಿಂಡಿಗೆ ಮುಂಚೆ ಎರಡು ಸಲ, ರಾತ್ರಿ ಎರಡು ಸಲ, ನಡುವೆ ಒಂದು ನಿಮಿಷ ಬಿಡುವು. ಬಂದದ್ದನ್ನು ಬಂದ ಹಾಗೇ ಬರೆಯಿರಿ. ಚೆನ್ನಾಗಿ ಬರುವ ತನಕ ಮತ್ತೆ ಮತ್ತೆ ಒತ್ತುವುದು ನಿಮಗೆ ನೀವೇ ಹೇಳಿಕೊಳ್ಳುವ ಸುಳ್ಳು, ಅಲ್ವಾ?

ಏಳು ದಿನಕ್ಕೆ 28 ಅಂಕಿ. ಮೊದಲ ದಿನದ ನಾಲ್ಕನ್ನು ಬಿಡಿ. ಉಳಿದ 24ರಲ್ಲಿ ಮೇಲಿನದನ್ನೆಲ್ಲ ಕೂಡಿ, ಕೆಳಗಿನದನ್ನೆಲ್ಲ ಬೇರೆ ಕೂಡಿ, ಎರಡನ್ನೂ 24ರಿಂದ ಭಾಗಿಸಿ. ಸರಾಸರಿ 135/85 ಅಥವಾ ಅದಕ್ಕಿಂತ ಜಾಸ್ತಿಯಾದರೆ ಬಿಪಿ ಇರುವ ಹಾಗೆ. ಕ್ಲಿನಿಕ್ಕಿನಲ್ಲಿ ಲೆಕ್ಕಕ್ಕೆ ಹಿಡಿಯುವುದು 140/90. ಮನೆಯಲ್ಲಿ ಮನಸ್ಸು ನಿರಾಳ, ಹಾಗಾಗಿ ಗೆರೆಯೂ ಸ್ವಲ್ಪ ಕೆಳಗೆ. ನಡುವೆ 180/120 ದಾಟಿದರೆ ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಆಗಲೂ ಅಷ್ಟೇ ಇದ್ದರೆ ಅಂದೇ ವೈದ್ಯರಿಗೆ ತೋರಿಸಿ. ಅದರ ಜೊತೆ ಎದೆನೋವು, ಉಸಿರುಕಟ್ಟುವಿಕೆ, ಮಾತು ತೊದಲುವುದು, ಕೈಕಾಲು ಸೋಲುವುದು, ಕಣ್ಣು ಮಂಜಾಗುವುದು ಏನಾದರೂ ಇದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಸರಾಸರಿ ಜಾಸ್ತಿ ಬಂದರೆ ಅಂಕಿ ಬರೆದ ಪುಸ್ತಕ ಹಿಡಿದು ವೈದ್ಯರಲ್ಲಿಗೆ ಹೋಗಿ. ಚಿಕ್ಕ ವಯಸ್ಸಿನಲ್ಲಿ ಬಿಪಿ ಬಂದರೆ 'ಯಾಕೆ' ಎಂದು ಹುಡುಕಲೇಬೇಕು. ಕಿಡ್ನಿ ತೊಂದರೆ, ಕಿಡ್ನಿಗೆ ಹೋಗುವ ರಕ್ತನಾಳ ಕಿರಿದಾಗಿರುವುದು, ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿ, ಥೈರಾಯ್ಡ್ ಹೀಗೆ ಮೂಲ ಬೇರೆಯೇ ಇರಬಹುದು. ಅದಕ್ಕೇ ಮೂತ್ರದಲ್ಲಿ ಪ್ರೋಟೀನ್, ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತಿಳಿಸುವ ಅಂಶ), ಪೊಟ್ಯಾಸಿಯಂ ಪರೀಕ್ಷೆ ಹೇಳುತ್ತಾರೆ. ನೀವೂ ಮುಚ್ಚುಮರೆ ಮಾಡಬೇಡಿ: ನೋವಿನ ಮಾತ್ರೆ, ಮೂಗು ಕಟ್ಟಿದ್ದಕ್ಕೆ ತಗೊಳ್ಳುವ ನೆಗಡಿ ಮಾತ್ರೆ, ಗರ್ಭನಿರೋಧಕ ಗುಳಿಗೆ, ಜಿಮ್ಮಿನ ಸ್ಟೀರಾಯ್ಡ್, ಎನರ್ಜಿ ಡ್ರಿಂಕ್ ಎಲ್ಲವನ್ನೂ ಹೇಳಿ. ಜೋರು ಗೊರಕೆಯನ್ನೂ ಹೇಳಿ, ನಾಚಿಕೆ ಬೇಡ. ಮಗು ಬೇಕೆಂದಿರುವ ಹೆಣ್ಣುಮಕ್ಕಳು ಅದನ್ನು ಮೊದಲೇ ತಿಳಿಸಬೇಕು. ಬಿಪಿಯ ಕೆಲವು ಮಾತ್ರೆಗಳು ಬಸಿರಿನಲ್ಲಿ ಆಗಿಬರುವುದಿಲ್ಲ.

ಉಪ್ಪಿನ ಮಾತು ನಿಮಗೆ ಗೊತ್ತಿರುವುದೇ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಾರಿನ ಉಪ್ಪಿಗೆ ಕೈ ಹಾಕುವ ಮುಂಚೆ ಉಪ್ಪಿನಕಾಯಿ, ಹಪ್ಪಳ, ಚಿಪ್ಸ್, ಎರಡು ನಿಮಿಷದ ನೂಡಲ್ಸ್ ಕಡಿಮೆ ಮಾಡಿ.

ವೈದ್ಯರ ಹತ್ತಿರ ಹೋಗುವಾಗ ಯಂತ್ರವೂ ಚೀಲದಲ್ಲಿರಲಿ. ಅಲ್ಲಿನ ಯಂತ್ರದ ಜೊತೆ ತಾಳೆ ಆಗುತ್ತದಾ ನೋಡಿಬಿಡಬಹುದು.