ಇಳಿಯುವ ಲೆಕ್ಕ ಇಟ್ಟುಕೊಂಡು ಕುಮಾರ ಪರ್ವತ ಹತ್ತುವುದು

ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತ ಹತ್ತಿ ಮತ್ತೆ ಕುಕ್ಕೆಗೇ ಇಳಿಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸೋಮವಾರಪೇಟೆ ಕಡೆಯ ಬೀದಹಳ್ಳಿಯಿಂದ ಹತ್ತಿ ಈ ಕಡೆ ಇಳಿಯುವವರೂ ಇದ್ದಾರೆ. ಆ ಕಡೆ ಊರೇ ಎತ್ತರದಲ್ಲಿರುವುದರಿಂದ ಏರು ಕಮ್ಮಿ. ಆದರೂ ನನಗೆ ಹತ್ತಿದ ದಾರಿಯಲ್ಲೇ ಇಳಿಯುವುದು ಇಷ್ಟ. ಇಳಿಯುವ ಹೊತ್ತಿಗೆ ಕಾಲು ಸೋತಿರುತ್ತದೆ, ತಲೆ ಮಂಕಾಗಿರುತ್ತದೆ. ಆಗ ಹೊಸ ದಾರಿ ಹುಡುಕುವ ಕೆಲಸ ಯಾಕೆ, ಅಲ್ವಾ?

ಶಿಖರದ ಎತ್ತರ 1712 ಮೀಟರ್. ಕುಕ್ಕೆ ಇರುವುದು ಸಮುದ್ರ ಮಟ್ಟದಿಂದ ನೂರು ಚಿಲ್ಲರೆ ಮೀಟರ್ ಮೇಲೆ. ಅಂದರೆ 1500 ಮೀಟರಿಗೂ ಜಾಸ್ತಿ ಏರಬೇಕು, ಅಷ್ಟೂ ಇಳಿಯಬೇಕು. ಇದು ಪುಷ್ಪಗಿರಿ ವನ್ಯಜೀವಿ ಧಾಮದ ಜಾಗ. ಮಳೆಗಾಲದಲ್ಲಿ ದಾರಿ ಮುಚ್ಚಿರುತ್ತದೆ. 2024ರ ಜನವರಿಯ ರಜೆಯಲ್ಲಿ ಇಲ್ಲಿ ಜಾತ್ರೆಯಷ್ಟು ಜನ ಸೇರಿದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ನಿಯಮ ಆಗಾಗ ಬದಲಾಗುತ್ತದೆ. ಬಸ್ ಟಿಕೆಟ್ ಮಾಡಿಸುವ ಮೊದಲು ಅದನ್ನು ನೋಡಿಕೊಳ್ಳಿ.

ಕುಕ್ಕೆಯಿಂದ ಹೊರಟು ದಾರಿಯ ನಡುವೆ ಸಿಗುವ ಗಿರಿಗದ್ದೆಯವರೆಗೆ ಕಾಡು. ನೆರಳಿದೆ, ಬೇರುಗಳಿವೆ, ಮಳೆ ಬಿಟ್ಟ ಹೊಸದರಲ್ಲಿ ಉಂಬಳ ಇರುತ್ತವೆ. ಇದರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ, ನಿಧಾನಕ್ಕೆ ಹತ್ತಿದರೆ ಆಯಿತು. ಚಾರಣಿಗರಿಗೆ ಊಟ ಹಾಕುವ ಭಟ್ಟರ ಮನೆ ಸಿಗುವುದು ಗಿರಿಗದ್ದೆಯಲ್ಲೇ, ಅರಣ್ಯ ಇಲಾಖೆಯ ಚೆಕ್‌ಪೋಸ್ಟೂ ಇಲ್ಲೇ.

ನಿಜವಾದ ಬೆಟ್ಟ ಶುರುವಾಗುವುದು ಅಲ್ಲಿಂದ ಮುಂದೆ. ಬರೀ ಹುಲ್ಲುಗುಡ್ಡ, ತಲೆ ಮೇಲೆ ಒಂದು ಮರವಿಲ್ಲ. ಬಿಸಿಲು, ಗಾಳಿ, ಮಂಜು ಎಲ್ಲ ನೇರವಾಗಿ ನಮಗೇ. ಕಲ್ಲು ಮಂಟಪದ ಹತ್ತಿರ ನೀರು ಸಿಗುತ್ತದೆ, ಆದರೆ ಬೇಸಿಗೆ ಏರಿದ ಹಾಗೆ ಅದನ್ನು ನಂಬುವ ಹಾಗಿಲ್ಲ. ನಾನು ಗಿರಿಗದ್ದೆಯಲ್ಲೇ ಮೂರು ಲೀಟರ್ ತುಂಬಿಕೊಳ್ಳುತ್ತೇನೆ. ಅದರಲ್ಲಿ ಒಂದು ಬಾಟಲಿ ಇಳಿಯುವಾಗಿನದು. ಎಷ್ಟೇ ಬಾಯಾರಿದರೂ ಹತ್ತುವಾಗ ಅದರ ಮುಚ್ಚಳ ತೆಗೆಯುವುದಿಲ್ಲ.

ಈ ಹುಲ್ಲುಗುಡ್ಡದಲ್ಲಿ ನಾನು ತಪ್ಪದೆ ಮಾಡುವ ಕೆಲಸ ಒಂದಿದೆ. ಆಗಾಗ ನಿಂತು ಹಿಂದಕ್ಕೆ ತಿರುಗಿ ನೋಡುತ್ತೇನೆ. ಹತ್ತುವಾಗ ಕಂಡ ದಾರಿ ಇಳಿಯುವಾಗ ಹಾಗೇ ಕಾಣುವುದಿಲ್ಲ. ಮೇಲಿನಿಂದ ನೋಡಿದರೆ ದನ ನಡೆದ ಜಾಡು, ನೀರು ಹರಿದ ಕೊರಕಲು, ಯಾರೋ ಅಡ್ಡ ಹಾಯ್ದ ಗುರುತು ಎಲ್ಲವೂ ದಾರಿಯೇ ಅನ್ನಿಸುತ್ತದೆ. ಕವಲು ಸಿಕ್ಕ ಕಡೆ ಹತ್ತು ಹೆಜ್ಜೆ ಮುಂದೆ ಹೋಗಿ, ತಿರುಗಿ ನಿಂತು ಫೋಟೋ ತೆಗೆಯುತ್ತೇನೆ. ಇಳಿದು ಬರುವ ಮನುಷ್ಯನ ಕಣ್ಣಿಗೆ ಕಾಣುವ ಫೋಟೋ ಅದು. ಕರಾವಳಿ ಕಡೆಯಿಂದ ಮಂಜು ಮೇಲೆದ್ದರೆ ಐದೇ ನಿಮಿಷದಲ್ಲಿ ಮುಂದಿನವನ ಬೆನ್ನೂ ಕಾಣುವುದಿಲ್ಲ. ಆಗ ಈ ಫೋಟೋಗಳು ಕೈ ಹಿಡಿಯುತ್ತವೆ. ಮ್ಯಾಪನ್ನು ಊರಲ್ಲೇ ಡೌನ್‌ಲೋಡ್ ಮಾಡಿಕೊಂಡಿರುತ್ತೇನೆ, ಸಿಗ್ನಲ್ ನಂಬಿ ಹೋಗುವುದಿಲ್ಲ.

ಕುಮಾರ ಪರ್ವತಕ್ಕೆ ಮೊದಲು ಸಿಗುವ ಶೇಷ ಪರ್ವತದ ತುದಿಯಲ್ಲಿ ಒಂದು ಮಗ್ಗುಲು ಕಡಿದಾಗಿ ಕೆಳಗೆ ಹೋಗುತ್ತದೆ. ಎಲ್ಲರೂ ಫೋಟೋಕ್ಕೆ ನಿಲ್ಲುವುದೂ ಅಲ್ಲೇ. ನಾನು ನೋಡುವುದಿದ್ದರೆ ಕೂತು ನೋಡುತ್ತೇನೆ. ಗಾಳಿ ಬೀಸುವಾಗ ನಿಂತ ಮನುಷ್ಯ ತೂಗಾಡುತ್ತಾನೆ, ಕೂತವನಿಗೆ ಆ ತೊಂದರೆ ಕಮ್ಮಿ. ಮಳೆಗೆ ಅಂತ ಅಗಲವಾದ ಪೋಂಚೋ ತರುವವರಿಗೂ ಒಂದು ಮಾತು: ಇಲ್ಲಿ ಅದು ಗಾಳಿ ತುಂಬಿಕೊಂಡು ಎಳೆಯುತ್ತದೆ. ಮೈಗೆ ಅಂಟುವ ಜಾಕೆಟ್ ವಾಸಿ.

ಶೇಷ ಪರ್ವತದಿಂದ ಮತ್ತೆ ಕೆಳಗಿಳಿದು ಸಣ್ಣ ಶೋಲಾ ಕಾಡು (ಹುಲ್ಲುಗುಡ್ಡಗಳ ನಡುವಿನ ದಟ್ಟ ಕಾಡು) ಹಾಯಬೇಕು. ಅದು ಮುಗಿದರೆ ಬಂಡೆ. ನನಗೆ ಇಡೀ ದಾರಿಯಲ್ಲಿ ಎಚ್ಚರ ಬೇಕು ಅನ್ನಿಸುವ ಜಾಗ ಇದೇ. ಹಗ್ಗ ಬೇಕಾದ ಬಂಡೆಯೇನಲ್ಲ, ಒಣಗಿದ್ದರೆ ಬೂಟು ಚೆನ್ನಾಗಿ ಹಿಡಿಯುತ್ತದೆ. ಆದರೆ ಮೇಲಿಂದ ನೀರು ಜಿನುಗುವ ಕಡೆ ಕಪ್ಪು ಪಟ್ಟೆಗಳಿರುತ್ತವೆ. ಅವು ಪಾಚಿ. ಒಣಗಿದ ಹಾಗೆ ಕಂಡರೂ ನಾನು ಅಲ್ಲಿ ಕಾಲಿಡುವುದಿಲ್ಲ, ಬಿಳಿಚಿದ ಒರಟು ಕಲ್ಲನ್ನೇ ಹುಡುಕುತ್ತೇನೆ. ಕೋಲು ಮಡಚಿ ಬ್ಯಾಗಿಗೆ ಹಾಕಿ ಎರಡೂ ಕೈ ಖಾಲಿ ಇಟ್ಟುಕೊಳ್ಳುತ್ತೇನೆ. ಹತ್ತುವ ಮೊದಲು ಬುಡದಲ್ಲಿ ನಿಂತು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದು ಒದ್ದೆಯಾದರೆ ನಾನು ಇಳಿಯಬಲ್ಲೆನಾ?

ಒಂದು ಸಲ ಅಕ್ಕನ ಮಗ ಜೊತೆಗಿದ್ದ. ಬಂಡೆಯ ಬುಡ ತಲುಪಿದಾಗಲೇ ಗಂಟೆ ಒಂದಾಗಿತ್ತು, ಸಣ್ಣಗೆ ತುಂತುರು ಬೇರೆ.

"ಮಾವ, ಇನ್ನು ಅರ್ಧ ಗಂಟೆ ಅಷ್ಟೇ, ಹೋಗಿಬಿಡೋಣ."

"ಹೋಗೋಕೆ ಅರ್ಧ ಗಂಟೆ ಕಣೋ. ಬರೋಕೆ?"

ಅವನು ಮುಖ ಊದಿಸಿಕೊಂಡ, ಆದರೂ ತಿರುಗಿದೆವು. ಮಧ್ಯಾಹ್ನ ಒಂದು ಗಂಟೆ ನನ್ನ ಗಡಿ. ಆಗ ಎಲ್ಲಿದ್ದರೂ ವಾಪಸ್. ಬೆಳಕು ಮೂಡುವಾಗ ಕುಕ್ಕೆ ಬಿಟ್ಟರೆ ಸಾಮಾನ್ಯವಾಗಿ ಅಷ್ಟರೊಳಗೆ ತುದಿ ಮುಟ್ಟಿರುತ್ತೇನೆ. ತುದಿಯಲ್ಲೂ ಜಾಸ್ತಿ ಹೊತ್ತು ಕೂರುವುದಿಲ್ಲ. ಹೊರಡುವ ಮುಂಚೆ ಹತ್ತಿ ಬಂದ ದಾರಿಯ ಬಾಯಿ ಯಾವುದು ಅಂತ ಇನ್ನೊಮ್ಮೆ ನೋಡಿಕೊಳ್ಳುತ್ತೇನೆ. ಮಂಜಿನಲ್ಲಿ ಬೀದಹಳ್ಳಿ ಕಡೆ ಇಳಿದುಬಿಟ್ಟರೆ ಬೇರೆ ಜಿಲ್ಲೆಯ ಊರಿಗೆ ಸೇರುತ್ತೀರಿ, ಚಪ್ಪಲಿ ಬಿಟ್ಟ ರೂಮು ಮಾತ್ರ ಕುಕ್ಕೆಯಲ್ಲೇ ಇರುತ್ತದೆ.

ಬಂಡೆ ಇಳಿಯುವಾಗ ನಾಚಿಕೆ ಬೇಡ. ಇಳಿಜಾರು ಕಮ್ಮಿ ಇದ್ದ ಕಡೆ ಕೂತು ಜಾರಿಕೊಂಡು ಬನ್ನಿ. ಕಡಿದಾದ ಕಡೆ ಬಂಡೆಗೆ ಮುಖ ಮಾಡಿ ಇಳಿಯಿರಿ. ಎರಡು ಕೈ ಎರಡು ಕಾಲಿನಲ್ಲಿ ಮೂರು ಯಾವಾಗಲೂ ಕಲ್ಲಿನ ಮೇಲಿರಲಿ. ಕೆಳಗಿನವರು ಪಕ್ಕಕ್ಕೆ ಸರಿಯುವ ತನಕ ಮೇಲಿನವರು ಹೊರಡಬಾರದು. ಒಂದು ಸಡಿಲ ಕಲ್ಲು ಉರುಳಿದರೆ ಸಾಕು.

ಆಮೇಲೆ ಎಲ್ಲರೂ ಮರೆಯುವ ಸಂಗತಿ: ವಾಪಸ್ ಬರುವಾಗ ಶೇಷ ಪರ್ವತವನ್ನು ಮತ್ತೆ ಹತ್ತಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಆ ಏರು ಚಿಕ್ಕದಾದರೂ ಜೀವ ಹಿಂಡುತ್ತದೆ. ಎತ್ತಿಟ್ಟ ಬಾಟಲಿ ತೆಗೆಯುವುದು ಆಗಲೇ. ಅಲ್ಲಿಂದ ಕೆಳಕ್ಕೆ ಒಣಹುಲ್ಲು, ಅದರ ಅಡಿಯಲ್ಲಿ ಸಣ್ಣ ಜಲ್ಲಿ. ರಾಗಿ ಚೆಲ್ಲಿದ ನೆಲದ ಮೇಲೆ ನಡೆದ ಹಾಗೆ. ಹೆಜ್ಜೆ ಸಣ್ಣದಿರಲಿ, ಮಂಡಿ ಸ್ವಲ್ಪ ಬಗ್ಗಿರಲಿ. ಓಡಿ ಇಳಿಯುವ ಹುಡುಗರನ್ನು ನೋಡಿ ಓಡಬೇಡಿ.

ಬೇಸಿಗೆ ಮಳೆಯ ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಗುಡುಗು ಬರುವುದು ಮಾಮೂಲು. ಮಿಂಚಿದ ಮೇಲೆ ಗುಡುಗು ಕೇಳಲು ಮೂರು ಸೆಕೆಂಡ್ ಹಿಡಿದರೆ ಸಿಡಿಲು ಸುಮಾರು ಒಂದು ಕಿಲೋಮೀಟರ್ ದೂರದಲ್ಲಿದೆ ಅಂತ ಲೆಕ್ಕ. ಮೂವತ್ತು ಸೆಕೆಂಡಿಗಿಂತ ಕಮ್ಮಿ ಆದರೆ ನಾನು ಗುಡ್ಡದ ನೆತ್ತಿ ಬಿಟ್ಟು ಇಳಿಯಲು ಶುರು. ಜನ ಕಲ್ಲು ಮಂಟಪದೊಳಗೆ ಓಡುತ್ತಾರೆ. ತೆರೆದ ಮಂಟಪ ಮಳೆಗೆ ಆಸರೆ, ಸಿಡಿಲಿಗಲ್ಲ. ಒಂಟಿ ಮರದ ಬುಡವೂ ಬೇಡ.

ಗಿರಿಗದ್ದೆ ಮುಟ್ಟಿದ ಕೂಡಲೇ ಮುಗಿಯಿತು ಅಂದುಕೊಳ್ಳಬೇಡಿ. ಕೆಳಗಿನ ಕಾಡಿನಲ್ಲಿ ಊರಿಗಿಂತ ಬೇಗ ಕತ್ತಲಾಗುತ್ತದೆ. ಹೆಡ್ ಟಾರ್ಚ್ ಬ್ಯಾಗಿನ ತಳದಲ್ಲಿ ಬೇಡ, ಮೇಲಿನ ಜೇಬಿನಲ್ಲಿರಲಿ. ಬೆಳಿಗ್ಗೆ ಹೊರಡುವಾಗ "ಏಳು ಗಂಟೆಗೆ ಫೋನ್ ಮಾಡುತ್ತೇನೆ" ಅಂತ ಮನೆಯಲ್ಲಿ ಹೇಳಿ ಬಂದಿದ್ದರೆ, ಕುಕ್ಕೆಯಲ್ಲಿ ಮೊದಲು ಆ ಫೋನ್ ಮಾಡಿ. ಕಾಫಿ ಆಮೇಲೆ.