ಸಕ್ಕರೆಯಿಲ್ಲದ ತಣ್ಣನೆಯ ಮಸಾಲೆ ಚಹಾ: ಕೊನೆಗೂ ಸಿಕ್ಕಿದ ಹದ

ಸಕ್ಕರೆ ಹಾಕದೆ, ಹಾಲು ಸುರಿಯದೆ ತಣ್ಣನೆಯ ಮಸಾಲೆ ಚಹಾ ಮಾಡಲು ಹೊರಟರೆ ಸಿಗುವುದು ಕಷಾಯವೇ ಹೊರತು ಚಹಾ ಅಲ್ಲ ಎಂದು ನನಗೆ ಹೇಳದವರಿಲ್ಲ. ಮನೆಯವರು ಹೇಳಿದರು, ವರ್ಷಗಟ್ಟಲೆ ಕೀಟೊ (ಕಾರ್ಬೋಹೈಡ್ರೇಟ್ ತೀರಾ ಕಡಿಮೆ ಮಾಡುವ ಪಥ್ಯ) ಮಾಡಿ ಪಳಗಿದ ಗೆಳೆಯರೂ ಹೇಳಿದರು. ಈಗ ಅದೇ ಗೆಳೆಯರು ಬಂದರೆ ಮಾತಿಗೆ ಮೊದಲು ಫ್ರಿಜ್ ತೆರೆದು ಬಾಟಲಿಯಲ್ಲಿ ಎಷ್ಟು ಉಳಿದಿದೆ ಎಂದು ನೋಡುತ್ತಾರೆ. ಲೋಟಕ್ಕೆ ಹೆಚ್ಚೆಂದರೆ ಎರಡು ಗ್ರಾಂ ಕಾರ್ಬ್ (ಕಾರ್ಬೋಹೈಡ್ರೇಟ್), ಕುಡಿದವರಿಗೆ ಸಕ್ಕರೆ ಇಲ್ಲವೆಂದು ನಾವೇ ಹೇಳಬೇಕು. ಇಷ್ಟು ಜಂಬ ಕೊಚ್ಚಿಕೊಳ್ಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಚಹಾ ಕಾಯಿಸಲು ಬರುವವರಿಗಾಗಿ, ಲೇಬಲ್ ಓದುವ ಅಭ್ಯಾಸ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಾರ್ಬ್ ಏಕೆ ಕಡಿಮೆ ಮಾಡಬೇಕು ಎಂಬ ಪುರಾಣ ಇಲ್ಲಿಲ್ಲ.

ಲೆಕ್ಕ ಮಾತ್ರ ಒಮ್ಮೆ ನೋಡಿಬಿಡೋಣ. ನೂರು ಮಿಲಿಲೀಟರ್ ಹಾಲಿನಲ್ಲಿ ಐದು ಗ್ರಾಂ ಹತ್ತಿರ ಲ್ಯಾಕ್ಟೋಸ್ ಎಂಬ ಹಾಲಿನದೇ ಸಕ್ಕರೆ ಇರುತ್ತದೆ. ಎರಡು ಚಮಚ ಸಕ್ಕರೆ ಎಂದರೆ ಇನ್ನೊಂದು ಎಂಟು ಗ್ರಾಂ. ಅಂಗಡಿಯ ಮಸಾಲೆ ಚಹಾ ಸಿರಪ್ ಬಳಸಿದರಂತೂ ಕೇಳುವುದೇ ಬೇಡ, ಪದಾರ್ಥಗಳ ಪಟ್ಟಿಯಲ್ಲಿ ನೀರಿನ ಪಕ್ಕದಲ್ಲೇ ಸಕ್ಕರೆ ಕುಳಿತಿರುತ್ತದೆ. ಚಹಾ ಸೊಪ್ಪಿನಿಂದಾಗಲಿ ಸೋಸಿ ಎಸೆಯುವ ಮಸಾಲೆಯಿಂದಾಗಲಿ ಬರುವುದು ನಗಣ್ಯ. ಆದ್ದರಿಂದ ಸಕ್ಕರೆ, ಹಾಲು ಎರಡನ್ನು ಬದಲಿಸಿದರೆ ಕೆಲಸ ಮುಗಿಯಿತು ಎಂದೇ ಎಲ್ಲರೂ ಶುರು ಮಾಡುತ್ತಾರೆ. ಅಲ್ಲಿಂದಲೇ ದುಡ್ಡು ನೀರಿನಂತೆ ಹರಿಯತೊಡಗುತ್ತದೆ.

ಮೊದಲು ಕೊಂಡದ್ದು ಎರಿಥ್ರಿಟಾಲ್, ಸಕ್ಕರೆಯ ಬದಲು ಬಳಸುವ ಹರಳಿನಂಥ ಸಿಹಿ. ಸಕ್ಕರೆಗೆ ಹೋಲಿಸಿದರೆ ಬೆಲೆ ಹಲವು ಪಟ್ಟು, ಸಿಹಿ ಮಾತ್ರ ನೂರಕ್ಕೆ ಅರವತ್ತು ಎಪ್ಪತ್ತರಷ್ಟು. ಪೂರ್ತಿ ಸಿಹಿಯನ್ನು ಅದರಿಂದಲೇ ತರಲು ಹೋದರೆ ಗಂಟಲಲ್ಲಿ ಪುದೀನ ಹಾಕಿದಂತೆ ತಂಪು ಹತ್ತುತ್ತದೆ. ಬಿಸಿ ಚಹಾದಲ್ಲಿ ಇದು ಗೊತ್ತಾಗುವುದಿಲ್ಲ, ಐಸ್ ಹಾಕಿದ ಚಹಾದಲ್ಲಿ ತಂಪಿನ ಮೇಲೆ ತಂಪು ಸೇರಿ ಶುಂಠಿಯ ಖಾರವನ್ನೇ ನುಂಗಿಹಾಕುತ್ತದೆ. ಗಟ್ಟಿ ಪಾಕ ಮಾಡಿ ಬಾಟಲಿಯಲ್ಲಿ ಇಟ್ಟುಕೊಳ್ಳೋಣ ಎಂದು ಕಾಯಿಸಿ ಕರಗಿಸಿದೆ. ಬೆಳಿಗ್ಗೆ ನೋಡಿದರೆ ಅರ್ಧ ಬಾಟಲಿ ಹರಳು. ತಣ್ಣಗಾದರೆ ಅದು ಮತ್ತೆ ಹರಳುಗಟ್ಟಿಯೇ ತೀರುತ್ತದೆ. ಬಿಸಿ ನೀರಿನಲ್ಲಿ ಬಾಟಲಿ ನಿಲ್ಲಿಸಿ ಕರಗಿಸುವುದು, ಮರುದಿನ ಮತ್ತೆ ಹರಳು ಕೆರೆಯುವುದು, ಇದೇ ಒಂದು ಉದ್ಯೋಗವಾಯಿತು.

ಆಮೇಲೆ ಸ್ಟೀವಿಯಾ, ಗಿಡದ ಎಲೆಯಿಂದ ತೆಗೆದ ಸಿಹಿ. ಅಗ್ಗವೇನೋ ಹೌದು, ಹನಿಗಳಲ್ಲಿ ಕೆಲಸ ಮುಗಿಯುತ್ತದೆ. ಆದರೆ ಚಹಾದಲ್ಲಿ ಮೊದಲೇ ಒಗರು ಇರುತ್ತದೆ, ಅದರ ಬೆನ್ನಿಗೆ ಸ್ಟೀವಿಯಾದ, ಅತಿಮಧುರ ಬೇರಿನಂಥ ಕಹಿ ಬಂದು ನಿಂತರೆ ಎರಡೂ ಒಂದನ್ನೊಂದು ಎತ್ತಿ ತೋರಿಸುತ್ತವೆ. ಆಸ್ಪರ್ಟೇಮ್ ಎಂಬ ಕೃತಕ ಸಿಹಿ ಕುದಿಯುವ ಡಿಕಾಕ್ಷನ್‌ಗೆ ಹಾಕುವ ವಸ್ತುವಲ್ಲ, ಕಾವಿಗೆ ಅದರ ಸಿಹಿ ಇಳಿದುಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಉರಿದದ್ದು ಸುಕ್ರಲೋಸ್ ಎಂಬ ಕೃತಕ ಸಿಹಿಯ ಸಣ್ಣ ಪೊಟ್ಟಣಗಳ ವಿಷಯದಲ್ಲಿ. ಸುಕ್ರಲೋಸ್ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ. ಹಾಗಾಗಿ ಒಂದು ಗ್ರಾಂ ಪೊಟ್ಟಣದಲ್ಲಿ ಅದು ಇರುವುದು ಕಣ್ಣಿಗೆ ಕಾಣದಷ್ಟು, ಉಳಿದದ್ದೆಲ್ಲ ಮಾಲ್ಟೊಡೆಕ್ಸ್‌ಟ್ರಿನ್ ಅಥವಾ ಡೆಕ್ಸ್‌ಟ್ರೋಸ್. ಎರಡೂ ಅಪ್ಪಟ ಕಾರ್ಬ್. ಒಂದು ಜಗ್ಗಿಗೆ ಹತ್ತು ಪೊಟ್ಟಣ ಹರಿದು ಸುರಿದರೆ ಹತ್ತು ಗ್ರಾಂ ಹತ್ತಿರ ಕಾರ್ಬ್ ಸುರಿದಂತೆಯೇ. ಮುಂಭಾಗದಲ್ಲಿ ಶೂನ್ಯ ಎಂದು ದೊಡ್ಡದಾಗಿ ಬರೆದಿದ್ದರೂ ಹಿಂಭಾಗದ ಸಣ್ಣ ಅಕ್ಷರ ಓದಿ. ದ್ರವರೂಪದ ಸುಕ್ರಲೋಸಿನಲ್ಲಿ ಈ ಕಾಟವಿಲ್ಲ.

ಎರಡನೆಯ ಕಗ್ಗಂಟು ಐಸ್. ಕುದಿದ ಚಹಾವನ್ನು ನೇರವಾಗಿ ಐಸ್ ಮೇಲೆ ಸುರಿಯುವವರು ಈ ಲೆಕ್ಕ ಹಾಕಿ ನೋಡಿ: 90 ಡಿಗ್ರಿಯ ಚಹಾವನ್ನು 5 ಡಿಗ್ರಿಗೆ ಇಳಿಸಲು ಹೆಚ್ಚುಕಡಿಮೆ ಅದರಷ್ಟೇ ತೂಕದ ಐಸ್ ಕರಗಬೇಕು. 200 ಮಿಲಿಲೀಟರ್ ಚಹಾಕ್ಕೆ 200 ಗ್ರಾಂ ನೀರು. ಸಕ್ಕರೆ ಇದ್ದಾಗ ಈ ತೆಳುವು ಅಷ್ಟಾಗಿ ಕಾಣುವುದಿಲ್ಲ, ಸಕ್ಕರೆ ತೆಗೆದೊಡನೆ ಬಣ್ಣದ ನೀರು ಕುಡಿದಂತಿರುತ್ತದೆ. ಸರಿ, ಎರಡರಷ್ಟು ಗಟ್ಟಿಯಾಗಿ ಕುದಿಸಿ ಫ್ರಿಜ್‌ನಲ್ಲಿ ತಣಿಸೋಣ ಎಂದರೆ ಮೂರನೆಯ ತೊಂದರೆ ಎದುರಾಯಿತು. ಗಟ್ಟಿ ಡಿಕಾಕ್ಷನ್ ತಣ್ಣಗಾದಾಗ ಅದರ ಕೆಫೀನ್ ಮತ್ತು ಒಗರು ಕೊಡುವ ಟ್ಯಾನಿನ್‌ಗಳು ಒಂದಕ್ಕೊಂದು ಅಂಟಿಕೊಂಡು ಕದಡುತ್ತವೆ. ಗಡಸು ನೀರಾದರೆ ಇನ್ನೂ ಹೆಚ್ಚು. ಲೋಟದ ತಳದಲ್ಲಿ ಕೆಂಪು ಮಣ್ಣಿನ ಬಣ್ಣದ ಗಸಿ, ನಾಲಿಗೆಯ ಮೇಲೆ ಸುಣ್ಣ ಹಚ್ಚಿದಂಥ ಒಗರು.

ಇಷ್ಟೆಲ್ಲ ಚೆಲ್ಲಿದ ಮೇಲೆ ಹೊಳೆದದ್ದು ಇಷ್ಟೇ: ಸಕ್ಕರೆ ಚಹಾದಲ್ಲಿ ಸಿಹಿಯನ್ನಷ್ಟೇ ಕೊಡುತ್ತಿರಲಿಲ್ಲ. ಒಗರನ್ನು ಮುಚ್ಚುತ್ತಿತ್ತು, ಬಾಯಿಗೆ ಮೈ ತುಂಬಿದ ಅನುಭವ ಕೊಡುತ್ತಿತ್ತು. ಮೂರು ಕೆಲಸಕ್ಕೆ ಒಂದೇ ಆಳು. ಅವನನ್ನು ಬಿಡಿಸಿದ ಮೇಲೆ ಮೂರಕ್ಕೂ ಬೇರೆ ಬೇರೆ ಆಳು ಇಡಬೇಕು. ಸಿಹಿಯನ್ನು ಮೊದಲು ಹುಡುಕುವುದು ಬಿಟ್ಟು ಒಗರನ್ನು ಮೊದಲು ತೆಗೆದೆ, ಆಮೇಲೆ ಮೈ ತುಂಬಿಸಿದೆ, ಸಿಹಿ ಕೊನೆಗೆ. ಅಲ್ಲಿಂದ ಎಲ್ಲವೂ ದಾರಿಗೆ ಬಂತು.

ಒಗರು ತೆಗೆಯುವ ಉಪಾಯ ಸರಳ. ಚಹಾವನ್ನು ಕುದಿಸಲೇಬೇಡಿ. ಮಸಾಲೆ ಮತ್ತು ಚಹಾ ಎರಡನ್ನೂ ಬೇರೆ ಬೇರೆಯಾಗಿ ಮಾಡಿ. ಚಹಾವನ್ನು ತಣ್ಣೀರಿನಲ್ಲಿ ರಾತ್ರಿಯಿಡೀ ಫ್ರಿಜ್‌ನಲ್ಲಿ ನೆನೆಹಾಕುತ್ತೇನೆ. ಸುಮಾರು 700 ಮಿಲಿಲೀಟರ್ ನೀರಿಗೆ 20 ಗ್ರಾಂ ಆಸುಪಾಸು ಸೊಪ್ಪು, ಹತ್ತು ಗಂಟೆ. ಪುಡಿಯಂತಿರುವ ಚಹಾ ಬೇಡ, ಬಣ್ಣ ಬೇಗ ಬಿಟ್ಟರೂ ಎಷ್ಟು ಸೋಸಿದರೂ ಗಸಿ ಉಳಿಯುತ್ತದೆ. ಅಗಲ ಎಲೆಯದು ಇರಲಿ. ತಣ್ಣೀರು ಬಣ್ಣ, ಘಮ, ಕೆಫೀನ್ ಎಲ್ಲವನ್ನೂ ನಿಧಾನವಾಗಿ ಎಳೆದುಕೊಳ್ಳುತ್ತದೆ, ಒಗರನ್ನು ಮಾತ್ರ ಬಹುಪಾಲು ಎಲೆಯಲ್ಲೇ ಬಿಟ್ಟುಬರುತ್ತದೆ. ಕದಡುವುದೂ ತೀರಾ ಕಡಿಮೆ. ತಣ್ಣೀರಿನ ಚಹಾ ಸಪ್ಪೆ ಎನ್ನುವವರು ಸೊಪ್ಪನ್ನು ಬಿಸಿ ಚಹಾದ ಅಳತೆಯಲ್ಲೇ ಹಾಕಿರುತ್ತಾರೆ, ಹೆಚ್ಚು ಹಾಕಬೇಕು.

ಮಸಾಲೆಗೆ ಕುದಿ ಬೇಕು, ಆದರೆ ಎಲ್ಲಕ್ಕೂ ಒಂದೇ ಹೊತ್ತಲ್ಲ. ಅರ್ಧ ಲೀಟರ್ ನೀರಿಗೆ ಜಜ್ಜಿದ ಶುಂಠಿ 25 ಗ್ರಾಂ, ಬೆರಳುದ್ದದ ಎರಡು ತುಂಡು ಚಕ್ಕೆ, ಐದಾರು ಲವಂಗ, ಒಡೆದ ಕಾಳುಮೆಣಸು ಹತ್ತು ಹದಿನೈದು, ಒಂದು ಚಕ್ರಮೊಗ್ಗು. ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ, ನೀರು 350ಕ್ಕೆ ಇಳಿಯುವವರೆಗೆ. ಚಕ್ಕೆ ಪುಡಿ ಹಾಕಿದಿರೋ, ನೀರು ಲೋಳೆಯಾಗಿ ಸೋಸುವ ಬಟ್ಟೆಯನ್ನೇ ಕಟ್ಟಿಹಾಕುತ್ತದೆ. ಲವಂಗ ಹತ್ತಾದರೆ ತುಟಿ ಜೋಮು ಹಿಡಿಯುತ್ತದೆ. ಬಿಸಿ ಚಹಾಕ್ಕಿಂತ ಮೆಣಸು, ಶುಂಠಿ ಎರಡನ್ನೂ ಒಂದು ಕೈ ಮುಂದಾಗಿಯೇ ಹಾಕಿ, ತಣ್ಣಗಾದಾಗ ಖಾರವೂ ಘಮವೂ ಕುಗ್ಗಿ ತೋರುತ್ತವೆ.

ಏಲಕ್ಕಿ ಈ ಪಟ್ಟಿಯಲ್ಲಿ ಇಲ್ಲದ್ದನ್ನು ಗಮನಿಸಿರಬಹುದು. ಇದು ನನ್ನ ಹೆಮ್ಮೆಯ ಭಾಗ. ಇಪ್ಪತ್ತು ನಿಮಿಷ ಕುದಿಸಿದರೆ ಏಲಕ್ಕಿಯ ಘಮ ಅಡುಗೆಮನೆಯ ತುಂಬ ಹರಡುತ್ತದೆ, ಲೋಟದಲ್ಲಿ ಉಳಿಯುವುದಿಲ್ಲ. ಘಮದ ಎಣ್ಣೆಗಳು ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತವೆ. ಆದ್ದರಿಂದ ಏಲಕ್ಕಿಯನ್ನು ಕೆನೆಗೆ ಹಾಕಿದೆ. 150 ಮಿಲಿಲೀಟರ್ ಗಟ್ಟಿ ಕೆನೆಯನ್ನು ಕುದಿಯಲು ಬಿಡದೆ, ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಮೂಡುವವರೆಗೆ ಬಿಸಿ ಮಾಡಿ, ಸಿಪ್ಪೆ ಸಮೇತ ಜಜ್ಜಿದ ಹತ್ತು ಹನ್ನೆರಡು ಏಲಕ್ಕಿ ಹಾಕಿ, ಮುಚ್ಚಿ ಆರಿಸಿ, ರಾತ್ರಿ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಸೋಸುತ್ತೇನೆ. ಕೆನೆ ತೆಳು ಹಸಿರು ಛಾಯೆಗೆ ತಿರುಗಿರುತ್ತದೆ, ಮುಚ್ಚಳ ತೆಗೆದರೆ ಪಕ್ಕದ ಕೋಣೆಯವರಿಗೂ ಗೊತ್ತಾಗುತ್ತದೆ. ಇದೇ ಕೆನೆಯಲ್ಲಿ ಇನ್ನೊಂದು ವಸ್ತುವನ್ನೂ ನೆನೆಹಾಕುತ್ತೇನೆ. ಅದು ಯಾವುದೆಂದು ಇಲ್ಲಿ ಹೇಳುವುದಿಲ್ಲ, ಎಲ್ಲವನ್ನೂ ಬಿಟ್ಟುಕೊಟ್ಟರೆ ನನ್ನ ಫ್ರಿಜ್ ಹತ್ತಿರ ಯಾರೂ ಸುಳಿಯಲಾರರು. ಮಸಾಲೆ ಡಬ್ಬಿಯಲ್ಲೇ ಇದೆ ಎಂದಷ್ಟೇ ಹೇಳಬಲ್ಲೆ.

ಮೈ ತುಂಬಿಸುವ ಕೆಲಸ ಅರ್ಧ ಕೆನೆಯದ್ದು, ಇನ್ನರ್ಧ ಕ್ಸಾಂಥನ್ ಗಮ್ ಎಂಬ, ದ್ರವವನ್ನು ಗಟ್ಟಿಯಾಗಿಸುವ ಪುಡಿಯದ್ದು. ಕೆನೆಯೊಂದರಿಂದಲೇ ಮೈ ತರಲು ಹೋದರೆ ಬಾಯಿಗೆ ಜಿಡ್ಡು ಮೆತ್ತುತ್ತದೆ, ಖರ್ಚೂ ಏರುತ್ತದೆ. ಗಮ್ ಒಂದು ಲೀಟರ್‌ಗೆ ಅರ್ಧ ಗ್ರಾಂ, ಅಂದರೆ ಒಂದು ಚಿಟಿಕೆ. ಚಿಟಿಕೆ ಎರಡಾದರೆ ಚಹಾ ಲೋಟದಿಂದ ಜಾರುತ್ತಾ ಬರುತ್ತದೆ, ಆ ಅನುಭವ ಶತ್ರುವಿಗೂ ಬೇಡ. ನೇರ ನೀರಿಗೆ ಉದುರಿಸಿದರೆ ಮೀನಿನ ಕಣ್ಣಿನಂಥ ಗಂಟು ಕಟ್ಟುತ್ತದೆ. ಒಣ ಎರಿಥ್ರಿಟಾಲ್ ಪುಡಿಯೊಂದಿಗೆ ಮೊದಲೇ ಬೆರೆಸಿ, ಬೆಚ್ಚಗಿನ ಮಸಾಲೆ ನೀರಿಗೆ ಕಡೆಯುತ್ತಾ ಹಾಕಿ.

ಈಗ ಸಿಹಿ. ಒಂದೇ ಸಿಹಿಯನ್ನು ನೆಚ್ಚಿಕೊಂಡರೆ ಅದರ ದೋಷವೇ ಎದ್ದು ಕಾಣುತ್ತದೆ. ಲೀಟರ್‌ಗೆ 30 ಗ್ರಾಂ ಎರಿಥ್ರಿಟಾಲ್ ಹಾಕುತ್ತೇನೆ. ಇಷ್ಟು ಕಡಿಮೆಯಾದರೆ ಹರಳೂ ಕಟ್ಟುವುದಿಲ್ಲ, ಗಂಟಲ ತಂಪೂ ತೊಂದರೆ ಕೊಡುವುದಿಲ್ಲ. ಉಳಿದ ಕೊರತೆಯನ್ನು ದ್ರವ ಸುಕ್ರಲೋಸಿನ ಹನಿಗಳು ತುಂಬುತ್ತವೆ. ಎಷ್ಟು ಹನಿ ಎಂಬುದು ಬಾಟಲಿಯಿಂದ ಬಾಟಲಿಗೆ ಬೇರೆ, ನಿಮ್ಮ ನಾಲಿಗೆಯೇ ಅಳತೆ. ಆದರೆ ರುಚಿ ನೋಡುವುದು ತಣ್ಣಗಾದ ಮೇಲೆ. ಬೆಚ್ಚಗಿರುವಾಗ ಸರಿಯೆನಿಸಿದ ಸಿಹಿ ಐಸ್ ಬಿದ್ದ ಮೇಲೆ ಸಪ್ಪೆ. ಜೊತೆಗೆ ಎರಡು ಹರಳು ಉಪ್ಪು, ಉಳಿದ ಕಹಿ ಅದರಿಂದ ಅಡಗುತ್ತದೆ. ಎರಿಥ್ರಿಟಾಲ್ ದೇಹದಲ್ಲಿ ಬಳಕೆಯಾಗದೆ ಬಹುಪಾಲು ಮೂತ್ರದಲ್ಲೇ ಹೊರಹೋಗುವುದರಿಂದ ಅದನ್ನು ಕಾರ್ಬ್ ಲೆಕ್ಕಕ್ಕೆ ಹಿಡಿದಿಲ್ಲ. ರಕ್ತದಲ್ಲಿ ಅದರ ಮಟ್ಟ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಕಂಡಿದೆ ಎಂಬ ಅಧ್ಯಯನ 2023ರಲ್ಲಿ ಪ್ರಕಟವಾದಾಗ ಗೆಳೆಯರ ಬಳಗದಲ್ಲಿ ಗಲಿಬಿಲಿಯೇ ಆಯಿತು. ನಂಟು ಕಂಡ ಮಾತ್ರಕ್ಕೆ ಅದೇ ಕಾರಣವೆಂದು ಹೇಳಲಾಗದು, ಆದರೂ ಕಡಿಮೆ ಬಳಸುವ ನನ್ನ ಹದಕ್ಕೆ ಅದರಿಂದ ನಷ್ಟವೇನೂ ಆಗಲಿಲ್ಲ.

ಬೆರೆಸುವುದು ಎರಡು ನಿಮಿಷದ ಕೆಲಸ. ಚಹಾ ಮತ್ತು ಮಸಾಲೆ ನೀರು ಸೇರಿ ಲೀಟರ್ ಹತ್ತಿರ ಆಗುತ್ತದೆ, ಐದು ಲೋಟಕ್ಕೆ ಸಾಕು. ಲೋಟಕ್ಕೆ 30 ಮಿಲಿಲೀಟರ್ ಏಲಕ್ಕಿ ಕೆನೆ, ಅದರಲ್ಲಿ ಕಾರ್ಬ್ ಒಂದು ಗ್ರಾಂ ಆಸುಪಾಸು. ಮುಚ್ಚಳವಿರುವ ಬಾಟಲಿಯಲ್ಲಿ ಚಹಾ, ಕೆನೆ ಹಾಕಿ ಕೈ ಸೋಲುವವರೆಗೆ ಕುಲುಕಿ, ಚಮಚದಲ್ಲಿ ಕಲಕಿದರೆ ಕೆನೆ ಮೇಲೆ ಚುಕ್ಕಿ ಚುಕ್ಕಿಯಾಗಿ ತೇಲುತ್ತದೆ. ಐಸ್ ನೀರಿನದ್ದಲ್ಲ, ಚಹಾ ಮತ್ತು ಮಸಾಲೆ ನೀರು ಸೇರಿದ ಇದೇ ಡಿಕಾಕ್ಷನ್ ಸ್ವಲ್ಪ ತೆಗೆದಿಟ್ಟು ಟ್ರೇಯಲ್ಲಿ ಹೆಪ್ಪುಗಟ್ಟಿಸಿದ್ದು. ಕೊನೆಯ ಗುಟುಕಿನವರೆಗೂ ರುಚಿ ಇಳಿಯುವುದಿಲ್ಲ.

ಖರ್ಚಿನ ಮಾತು. ಲೋಟದ ಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕೆನೆಯದ್ದು, ಕಾಲು ಭಾಗ ಎರಿಥ್ರಿಟಾಲ್‌ನದ್ದು, ಚಹಾ ಮತ್ತು ಮಸಾಲೆ ಲೆಕ್ಕಕ್ಕೇ ಸಿಗದಷ್ಟು. ಹೊರಗೆ ಒಂದು ಲೋಟಕ್ಕೆ ಕೊಡುವ ದುಡ್ಡಿನಲ್ಲಿ ಮನೆಯಲ್ಲಿ ಐದಾರು ಲೋಟವಂತೂ ಆಗುತ್ತದೆ. ಹದ ಸಿಗುವ ಮುನ್ನ ಮೋರಿಗೆ ಚೆಲ್ಲಿದ್ದನ್ನು, ಮೂಲೆಯಲ್ಲಿ ಉಳಿದ ಅರೆಖಾಲಿ ಸಿಹಿ ಡಬ್ಬಿಗಳನ್ನು ಸೇರಿಸಿದರೆ ಲೆಕ್ಕ ಬೇರೆಯೇ ಆದೀತು, ಅದನ್ನು ಮನೆಯವರು ಆಗಾಗ ನೆನಪಿಸುತ್ತಾರೆ. ಮಾಂಕ್ ಫ್ರೂಟ್ ಎಂಬ ಹಣ್ಣಿನ ಸಿಹಿ ಸಾರ ರುಚಿಯಲ್ಲಿ ಎಲ್ಲಕ್ಕಿಂತ ಮೇಲು, ಬೆಲೆಯಲ್ಲೂ ಮೇಲು. ಅಲ್ಯುಲೋಸ್ ಹರಳುಗಟ್ಟುವ ರಗಳೆಯಿಲ್ಲದ ಸಿಹಿ, ಸಿಕ್ಕವರು ಎರಿಥ್ರಿಟಾಲ್ ಬದಲು ಅದನ್ನೇ ಬಳಸಬಹುದು.

ಕೆನೆ ಬೇಡದವರಿಗೆ ಸಿಹಿ ಹಾಕದ ಬಾದಾಮಿ ಹಾಲು ಇದೆ, ಕಾರ್ಬ್ ಇನ್ನೂ ಕಡಿಮೆ, ಆದರೆ ಮೈ ಇಲ್ಲ. ಬಿಸಿ ಚಹಾಕ್ಕೆ ಹಾಕಿದರೆ ಒಡೆಯುವ ಅದು ತಣ್ಣನೆಯದಕ್ಕೆ ಹಾಕಿದರೆ ಸುಮ್ಮನಿರುತ್ತದೆ. ಗಟ್ಟಿ ತೆಂಗಿನ ಹಾಲು ಚೆನ್ನಾಗಿರುತ್ತದೆ, ಆದರೆ ಫ್ರಿಜ್‌ನಲ್ಲಿ ಗಟ್ಟಿಯಾಗಿ ಬಿಳಿ ಚಕ್ಕೆ ತೇಲಿಸುತ್ತದೆ, ಕುಡಿಯುವ ಮೊದಲು ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಲೇಬೇಕು. ಶುಂಠಿಯನ್ನು ಕುದಿಸದೆ ಹಸಿ ರಸ ಹಿಂಡಿದರೆ ಖಾರ ಚುರುಕಾದೀತು ಎಂದು ಬೆಚ್ಚಗಿನ ಹಾಲಿನಲ್ಲೂ ಒಮ್ಮೆ ನೋಡಿದೆ. ನೋಡುನೋಡುತ್ತಿದ್ದಂತೆ ಹಾಲು ಮೊಸರಿನ ಹಾಗೆ ಕುಳಿತುಬಿಟ್ಟಿತು. ಹಸಿ ಶುಂಠಿಯಲ್ಲಿ ಹಾಲಿನ ಪ್ರೋಟೀನ್ ಕತ್ತರಿಸುವ ಕಿಣ್ವವಿದೆ, ಕುದಿಸಿದರೆ ಅದು ಸಾಯುತ್ತದೆ. ಚಹಾವಾಗಿ ಕೆಲಸಕ್ಕೆ ಬಾರದಿದ್ದರೂ ಚಮಚದಲ್ಲಿ ತಿನ್ನಲು ಸೊಗಸಾಗಿತ್ತು, ಅದರ ಕಥೆ ಬೇರೆ.

ಡಿಕಾಕ್ಷನ್ ಫ್ರಿಜ್‌ನಲ್ಲಿ ನಾಲ್ಕು ದಿನ, ಏಲಕ್ಕಿ ಕೆನೆ ಮೂರು ದಿನ. ಎರಡನ್ನೂ ಮೊದಲೇ ಬೆರೆಸಿಡಬೇಡಿ, ಎರಡನೆಯ ದಿನಕ್ಕೇ ಘಮ ಮಂಕಾಗುತ್ತದೆ. ಸದ್ಯ ಕೆನೆಯಿಲ್ಲದ ಇದೇ ಡಿಕಾಕ್ಷನ್‌ಗೆ ಸೋಡಾ ಸುರಿದು ನೋಡುತ್ತಿದ್ದೇನೆ. ಕಾಳುಮೆಣಸು ಗುಳ್ಳೆಗಳ ಜೊತೆ ಮೂಗಿಗೇ ಏರುತ್ತದೆ, ಚೆನ್ನಾಗಿದೆ. ನಿಂಬೆ ಹಿಂಡಿದರೆ ಬಣ್ಣ ತೆಳುವಾಗಿ ಜೇನಿನಂತೆ ಹೊಳೆಯುತ್ತದೆ, ಆದರೆ ಚಕ್ರಮೊಗ್ಗಿಗೂ ನಿಂಬೆಗೂ ಹೊಂದುತ್ತಿಲ್ಲ. ಮುಂದಿನ ಸಲ ಚಕ್ರಮೊಗ್ಗು ಬಿಟ್ಟು ಮೆಣಸು ಹೆಚ್ಚಿಸುತ್ತೇನೆ.